ಏಳನೆಯ ಗ್ಲಾಸು

ಏಳನೆಯ ಗ್ಲಾಸಿನ ಬಗ್ಗೆ ತಾನು ಅಷ್ಟೊಂದು ಮಾತಾಡಬಾರದಿತ್ತೇನೋ ಎಂದು ಫಿರ್ಮಿನ್ ಡೆಲ್ಪೆಶ್‌ಗೆ ಅನ್ನಿಸಿದ್ದು ಸೇತುವೆ ದಾಟಿದ ಮೇಲೆ. ಅಲ್ಲಿಯವರೆಗೆ ಖುಷಿಯಲ್ಲೇ ಇದ್ದ. ಬೆಳಿಗ್ಗೆ ವೈನ್ ಪರೀಕ್ಷೆ ನಡೆಸುವ ಕಚೇರಿಯ ಮದಾಮ್ ಬ್ರು ಫೋನ್ ಮಾಡಿ, ಒಬ್ಬರಿಗೆ ಜ್ವರ, ಮೇಜಿಗೆ ಒಂದು ನಾಲಿಗೆ ಕಡಿಮೆ ಬಿದ್ದಿದೆ, ಬರುತ್ತೀರಾ ಎಂದು ಕೇಳಿದ್ದೇ ತಡ, ಹಲ್ಲುಜ್ಜದೆ, ಕಾಫಿ ಕುಡಿಯದೆ, ಶರ್ಟು ಮಾತ್ರ ಬದಲಾಯಿಸಿಕೊಂಡು ಹೊರಟಿದ್ದ. ವೈನಿನ ರುಚಿ ನೋಡುವ ದಿನ ಬಾಯಿಗೆ ಪೇಸ್ಟೂ ಇಲ್ಲ, ಕಾಫಿಯೂ ಇಲ್ಲ. ಬಾಟಲಿಯ ಮೇಲೆ ಕಾಓರ್ ಎಂಬ ಊರ ಹೆಸರು ಹಚ್ಚಿಕೊಳ್ಳಬೇಕಾದರೆ ನಮ್ಮ ಕಡೆಯ ಪ್ರತಿಯೊಂದು ವೈನೂ ವರ್ಷಕ್ಕೊಮ್ಮೆ ಆ ಮೇಜಿನ ಮೇಲೆ ಬಂದು ನಿಲ್ಲಬೇಕು. ಐದು ಜನ ಕೂತು ನೋಡುತ್ತಾರೆ. ಗ್ಲಾಸಿಗೆ ಹೆಸರಿಲ್ಲ, ನಂಬರು ಮಾತ್ರ. ತನ್ನ ವೈನ್ ಬರುವ ದಿನ ಬೆಳೆಗಾರ ಅಲ್ಲಿ ಕೂರುವ ಹಾಗಿಲ್ಲ. ಫಿರ್ಮಿನ್‌ನ ಸರದಿ ಮರುದಿನ ಇತ್ತು, ಹಾಗಾಗಿ ಅವನು ನಿರಾಳವಾಗಿ ಕೂತಿದ್ದ. ನಿರಾಳವಾಗಿ ಏನು, ಮದುವೆ ಮನೆಯ ಹಿರಿಯನ ಹಾಗೆ ಕೂತಿದ್ದ. ಕಣಿವೆಯಲ್ಲಿ ಅವನಿಗೆ ‘ನಾಲಿಗೆ’ ಎಂದೇ ಹೆಸರು. ನಾಲಿಗೆ ಬಂತು ನೋಡು, ಗ್ಲಾಸು ಒರೆಸಿಡಿ ಎಂದು ಮೇಜಿಗೆ ಬಂದಿದ್ದ ಇನ್ನೊಬ್ಬ ಬೆಳೆಗಾರ ಪುಜೊಲ್ ಬಾಗಿಲಲ್ಲೇ ತಮಾಷೆ ಮಾಡಿದ್ದ. ತಮಾಷೆ ಎಂದು ಗೊತ್ತಿದ್ದರೂ ಫಿರ್ಮಿನ್‌ನ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು.

ಈಗ ಎಡಕ್ಕೆ ಲೋ ನದಿ, ಬಲಕ್ಕೆ ಸವರದೆ ಉಳಿದ ದ್ರಾಕ್ಷಿ ಬಳ್ಳಿಗಳು, ಫೆಬ್ರವರಿಯ ಬೂದು ಬಿಸಿಲು. ಕಾರು ಓಡಿಸುತ್ತ ಅವನು ಆ ಮೇಜಿನ ಮೌನವನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದ. ಏಳನೆಯ ಗ್ಲಾಸು ಮೂಗಿಗೆ ಹಿಡಿದ ತಕ್ಷಣ ಗೊತ್ತಾಗಿತ್ತು ಅವನಿಗೆ. ಬಹಳ ಕಾಲ ಮುಚ್ಚಿಟ್ಟ ಪೆಟ್ಟಿಗೆ, ಅದರೊಳಗೆ ಒಣಗದ ಕಂಬಳಿ. ಬಣ್ಣವೇನೋ ಸರಿಯಾಗಿಯೇ ಇತ್ತು, ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣದಷ್ಟು ಕಪ್ಪು. ಅದೇ ಅವನನ್ನು ಕೆರಳಿಸಿದ್ದು. ಕೆಳಗಿನ ತೋಟದವರ ತೆಳು ಕೆಂಪು ಅಲ್ಲ, ಮೇಲಿನ ಸುಣ್ಣಕಲ್ಲಿನ ನೆಲದ್ದು, ಒಳ್ಳೆಯ ಮನೆಯದ್ದು, ಹಾಗಿದ್ದೂ ಹೀಗೆ. ಉಳಿದ ನಾಲ್ವರೂ ಚೀಟಿಯ ಮೇಲೆ ಬಗ್ಗಿಕೊಂಡಿದ್ದರು. ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವನು ಅವನೇ. “ಇದನ್ನ ಮಾಡಿದೋನು ಬೇರೆಯವರ ಮನೆ ವೈನ್ ಕುಡಿದು ಎಷ್ಟು ವರ್ಷ ಆಯ್ತೋ. ತನ್ನ ನೆಲಮಾಳಿಗೇಲೇ ಮೂಗು ಕೊಳೆಸ್ಕೊಂಡು ಕೂತಿದ್ದಾನೆ. ಈ ವೈನಿನ ಮನೇಲಿ ಯಾರೂ ಇಲ್ಲ ಕಣ್ರಪ್ಪಾ, ಬಾಗಿಲು ತೆಗೆಯೋರೇ ಇಲ್ಲ.” ಪುಜೊಲ್ ಕೆಮ್ಮಿದ. ಜೋಸೆತ್, ನದಿಯ ತಿರುವಿನಲ್ಲಿ ತೋಟ ಇರುವ ಅವನ ಶಾಲೆಯ ಕಾಲದ ಗೆಳತಿ, ಗ್ಲಾಸನ್ನು ಮೇಜಿನ ಮೇಲೆ ಸಣ್ಣಗೆ ತಿರುಗಿಸುತ್ತ, “ಸ್ವಲ್ಪ ಗಾಳಿಯಾಡ್ಲಿ ಬಿಡು. ಇನ್ನೊಂದು ಸಲ ನೋಡೋಣ” ಎಂದಳು. “ಗಾಳಿಯಾಡಿದ್ರೆ ಹೆಣ ಎದ್ದು ಕೂರುತ್ತಾ, ಜೋಸೆತ್?” ಎಂದ ಇವನು. ಯಾರೂ ನಗಲಿಲ್ಲ. ಅವನು ಅಂಥ ಮಾತು ಆಡಿದರೆ ಪುಜೊಲ್ ಹೊಟ್ಟೆ ಹಿಡಿದು ನಗುವವನು. ಇವತ್ತು ಪುಜೊಲ್ ಬ್ರೆಡ್ಡಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಕಿಟಕಿಯಾಚೆ ನೋಡಿದ.

ಮನೆಗೆ ಬಂದಾಗ ಒಲೆಯ ಮೇಲೆ ನಿನ್ನೆಯ ಬೆಳ್ಳುಳ್ಳಿ ಸೂಪು ಇತ್ತು. ಬಾತುಕೋಳಿಯ ಕೊಬ್ಬಿನಲ್ಲಿ ಬೆಳ್ಳುಳ್ಳಿ ಬಾಡಿಸಿ ನೀರು ಹಾಕಿ ಮೊಟ್ಟೆ ಒಡೆದು ಬಿಡುವುದು, ಅವನಿಗೆ ಬರುವುದು ಅದೊಂದೇ ಅಡುಗೆ, ಒಬ್ಬನಿಗೆಂದು ಮಾಡಿದರೂ ಮೂರು ದಿನಕ್ಕೆ ಆಗುತ್ತಿತ್ತು. ಬಿಸಿ ಮಾಡಿದ, ಬಟ್ಟಲಲ್ಲಿ ಒಣ ಬ್ರೆಡ್ಡು ಮುರಿದು ಹಾಕಿದ, ನಿಂತುಕೊಂಡೇ ತಿನ್ನಲು ಶುರು ಮಾಡಿ, ಹೆಂಡತಿ ಮಿರೇಯ್ ಇದ್ದಿದ್ದರೆ ಬೈಯುತ್ತಿದ್ದಳು ಎಂದು ಕೂತ. ಅವಳ ಕುರ್ಚಿಯ ಮೇಲೆ ಬಳ್ಳಿ ಸವರುವ ಕತ್ತರಿ, ಹಳೆಯ ಪತ್ರಿಕೆಗಳು, ಒಂದು ಸ್ವೆಟರು. ಅವಳು ತೀರಿಕೊಂಡಾಗಿನಿಂದ ಆ ಕುರ್ಚಿ ಸಾಮಾನು ಇಡುವ ಜಾಗವಾಗಿದೆ. ಖಾಲಿ ಕಾಣುವುದಕ್ಕಿಂತ ಅದೇ ವಾಸಿ. ಸೂಪು ಬಟ್ಟಲ ತಳಕ್ಕೆ ಬಂದಾಗ ಬಾಟಲಿ ತೆಗೆದು, ಉಳಿದ ಎರಡು ಚಮಚ ಬಿಸಿ ಸೂಪಿನ ಮೇಲೆ ತನ್ನ ವೈನ್ ಸುರಿದ. ಇದಕ್ಕೆ ನಮ್ಮಲ್ಲಿ ಶಾಬ್ರೋ ಎನ್ನುತ್ತಾರೆ. ಬಟ್ಟಲನ್ನು ಎರಡೂ ಕೈಯಲ್ಲೆತ್ತಿ, ಮುಖವನ್ನೇ ಅದರೊಳಗೆ ಇಟ್ಟುಕೊಂಡು ಕುಡಿಯಬೇಕು. ಶಾಬ್ರೋ ಮಾಡದವನು ನಮ್ಮವನಲ್ಲ ಎನ್ನುತ್ತಿದ್ದ ಅವನ ಅಪ್ಪ. ಮಗುವಾಗಿದ್ದಾಗ ಅಪ್ಪನ ಮುಖ ಬಟ್ಟಲೊಳಗೆ ಮಾಯವಾಗಿ, ಮೀಸೆ ಕೆಂಪಾಗಿ ಹೊರಬರುವುದನ್ನು ಫಿರ್ಮಿನ್ ಬೆರಗಿನಿಂದ ನೋಡುತ್ತಿದ್ದ. ಅವನೂ ದಿನಾ ಮಾಡುತ್ತಾನೆ, ಇದೇ ಬಟ್ಟಲು, ಇದೇ ವೈನ್. ಆದರೆ ಇವತ್ತು ಬೆಳಗಿನಿಂದ ಹತ್ತಾರು ಮನೆಗಳ ವೈನ್ ಮೂಸಿ ಬಂದಿದ್ದ, ಎಷ್ಟೋ ವರ್ಷದ ಮೇಲೆ ಮೂಗು ತೊಳೆದ ಹಾಗಾಗಿತ್ತು. ಮುಖ ಬಟ್ಟಲಿಗೆ ಹೋಯಿತು. ಬಿಸಿಗೆ ವಾಸನೆ ಮೇಲೆದ್ದಿತು. ಮುಚ್ಚಿಟ್ಟ ಪೆಟ್ಟಿಗೆ, ಒಣಗದ ಕಂಬಳಿ.

ಕುಡಿಯಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಅದರ ಅಂಚನ್ನು ನೋಡುತ್ತ ಕೂತ. ಮೊದಲು ಬಂದದ್ದು ಕೋಪ. ಯಾರೋ ಬೇಕೆಂದೇ ಮಾಡಿದ್ದಾರೆ, ಮದಾಮ್ ಬ್ರು ದಿನ ತಪ್ಪಿಸಿದ್ದಾಳೆ, ಪುಜೊಲ್‌ನ ಕೈವಾಡ. ಆಮೇಲೆ ಬೆಳಗಿನ ಮೇಜು ಕಣ್ಣಿಗೆ ಕಟ್ಟಿತು: ಬಗ್ಗಿದ ನಾಲ್ಕು ತಲೆಗಳು, ಕೆಮ್ಮು, ಕಿಟಕಿ, ಜೋಸೆತ್‌ಳ ಕೈಯಲ್ಲಿ ತಿರುಗುತ್ತಿದ್ದ ಗ್ಲಾಸು. ಅವರಿಗೆ ಗೊತ್ತಿತ್ತು. ತಾನು ಮಾತಾಡುತ್ತಿದ್ದಾಗ ನಾಲ್ವರಿಗೂ ಗೊತ್ತಿತ್ತು, ಮನೆಯಲ್ಲಿ ಯಾರೂ ಇಲ್ಲ ಎಂದಾಗ ಯಾವ ಮನೆ ಎಂದೂ ಗೊತ್ತಿತ್ತು. ಕಿವಿಯಿಂದ ಶುರುವಾಗಿ ಕತ್ತಿನವರೆಗೆ ಬಿಸಿಯಾಯಿತು. ಅರವತ್ತೆಂಟು ವರ್ಷದ ಗಂಡಸು, ತನ್ನ ಅಡುಗೆಮನೆಯಲ್ಲಿ, ನೋಡುವವರು ಯಾರೂ ಇಲ್ಲದಿದ್ದರೂ, ಚಡ್ಡಿ ಒದ್ದೆ ಮಾಡಿಕೊಂಡ ಶಾಲೆಯ ಹುಡುಗನ ಹಾಗೆ ನಾಚಿಕೊಂಡ.

ನೆಲಮಾಳಿಗೆಗೆ ಇಳಿಯುವ ಬಾಗಿಲ ಹಿಂದೆ ಮೊಳೆಯಲ್ಲಿ ಮಿರೇಯ್‌ಳ ನೀಲಿ ಉಣ್ಣೆಯ ಜಾಕೆಟ್ ಇತ್ತು. ಕೆಳಗೆ ಚಳಿ ಎಂದು ಅವಳು ಹಾಕಿಕೊಂಡು ಇಳಿಯುತ್ತಿದ್ದದ್ದು. ಹೋಗುವಾಗ ಬರುವಾಗ ಅವನು ಅವಳ ಮೈವಾಸನೆಗೆಂದು ಅದರಲ್ಲಿ ಮುಖ ಇಡುತ್ತಾನೆ, ಯಾರಿಗೂ ಹೇಳಿದ್ದಿಲ್ಲ. ಈಗಲೂ ಇಟ್ಟ. ಇದ್ದಳು. ಅವಳು ಇನ್ನೂ ಅಲ್ಲೇ ಇದ್ದಳು ಎಂಬ ಧೈರ್ಯದಲ್ಲಿ ಇಳಿದ. ಎರಡು ಸಾಲು ಪೀಪಾಯಿಗಳು. ಒಂದೊಂದರದೂ ಬಿರಡೆ ತೆಗೆದು ಮೂಗಿಟ್ಟ. ಏನೂ ಇಲ್ಲ. ಓಕ್ ಮರ, ಹಣ್ಣು, ಕಲ್ಲಿನ ತಂಪು, ಎಲ್ಲ ಇದ್ದ ಹಾಗೆಯೇ. ಮೂಲೆಯ ಪೀಪಾಯಿಯ ಬಿರಡೆಯನ್ನೂ ತೆಗೆದ, ಅಲ್ಲೂ ಅದೇ ಪರಿಚಿತವಾದ, ಹಿತವಾದ ಕತ್ತಲೆ. ಹಾಗಾದರೆ ಮೇಲೆ ಬಟ್ಟಲಲ್ಲಿ ಕಂಡದ್ದು ಭ್ರಮೆಯೇ? ಇಲ್ಲಿ ನಿಂತರೆ ಅವನ ಮೂಗಿಗೆ ಎಲ್ಲವೂ ಸರಿಯಾಗಿತ್ತು, ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಎಷ್ಟೋ ಬೆಳೆಗಾರರನ್ನು ಅವನು ಇದೇ ಮಾತಿಗೆ ಆಡಿಕೊಂಡಿದ್ದಾನೆ: ತನ್ನ ನೆಲಮಾಳಿಗೆಯ ವಾಸನೆ ತನಗೆ ಗೊತ್ತಾಗುವುದಿಲ್ಲ, ಅದಕ್ಕೇ ಅಲ್ಲವೇ ದೇವರು ನೆರೆಯವರನ್ನು ಕೊಟ್ಟಿರುವುದು.

ಪೀಪಾಯಿ ಕುಡಿಯುತ್ತದೆ. ಮರದ ಸಂದಿಯಿಂದ ವೈನ್ ವಾರ ವಾರ ಸ್ವಲ್ಪ ಸ್ವಲ್ಪ ಆರುತ್ತದೆ, ಆ ಜಾಗಕ್ಕೆ ಗಾಳಿ ಸೇರಿದರೆ ಕೆಡುತ್ತದೆ, ಆದ್ದರಿಂದ ಶನಿವಾರ ಶನಿವಾರ ಬೇರೊಂದು ಪೀಪಾಯಿಯಿಂದ ತೆಗೆದು ಎಲ್ಲವನ್ನೂ ಕಂಠಮಟ್ಟ ತುಂಬಿಸಬೇಕು. ಆ ಕೆಲಸ ಅವರಿಬ್ಬರದು. ಇವನು ದೀಪ ಹಿಡಿಯುತ್ತಿದ್ದ, ಮಿರೇಯ್ ಉದ್ದ ಮೂತಿಯ ಕ್ಯಾನಿನಿಂದ ಸುರಿಯುತ್ತಿದ್ದಳು, ಸುರಿದು ಬೆರಳದ್ದಿ ನೆಕ್ಕುತ್ತಿದ್ದಳು. “ಇದು ಮುನಿಸ್ಕೊಂಡಿದೆ.” “ಇದು ನಿಮ್ಮಮ್ಮನ ಥರ, ಎದುರಿಗೆ ಸಿಹಿ, ನುಂಗಿದ ಮೇಲೆ ಗೊತ್ತಾಗುತ್ತೆ” ಎನ್ನುತ್ತಿದ್ದಳು. ನಾಲಿಗೆ ಎಂದು ಹೆಸರಾದದ್ದು ಫಿರ್ಮಿನ್, ಆದರೆ ಭಾನುವಾರ ಅವನನ್ನು ಎಬ್ಬಿಸಿ ಅವರಿವರ ಮನೆಗೆ ಕರೆದುಕೊಂಡು ಹೋಗಿ ಅವರ ವೈನ್ ಕುಡಿಸುತ್ತಿದ್ದದ್ದು ಅವಳು. ಕೊನೆಯ ಚಳಿಗಾಲದಲ್ಲಿ, ಔಷಧಿಯಿಂದ ಕೂದಲೆಲ್ಲ ಹೋಗಿ ತಲೆಗೆ ಬಟ್ಟೆ ಕಟ್ಟಿಕೊಂಡು, ಈ ನೀಲಿ ಜಾಕೆಟ್ಟಿನಲ್ಲಿ ಅರ್ಧ ಮುಳುಗಿ, ಗೋಡೆ ಹಿಡಿದು ಇಳಿದು ಬಂದಿದ್ದಳು. ಮೂಲೆಯ ಪೀಪಾಯಿಯ ಹತ್ತಿರ ನಿಂತು, “ಇದು ಸರಿ ಇಲ್ಲ ಫಿರ್ಮಿನ್. ಚೆಲ್ಲಿಬಿಡು” ಎಂದಳು. ಆ ಔಷಧಿ ತೆಗೆದುಕೊಂಡವರಿಗೆ ನೀರೂ ತಗಡಿನ ರುಚಿ ಕೊಡುತ್ತದೆ ಎಂದು ವೈದ್ಯರು ಹೇಳಿದ್ದರು. ಆಯ್ತು ಆಯ್ತು ಎಂದು ಮಗುವಿಗೆ ಹೇಳುವ ಹಾಗೆ ಹೇಳಿ ಅವಳ ಬೆನ್ನು ಸವರಿದ್ದ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮಾರನೆಯ ದಿನ ಊಟಕ್ಕೆ ಬಂದ ಪುಜೊಲ್‌ನ ಎದುರು, ಪಾಪ ಇವಳ ಮೂಗೂ ಕಾಯಿಲೆ ಬಿದ್ದಿದೆ, ನಿನ್ನೆ ನನ್ನ ಒಳ್ಳೇ ಪೀಪಾಯಿ ಚೆಲ್ಲು ಅಂತಾಳೆ ಎಂದು ನಗಾಡಿದ್ದ. ಮಿರೇಯ್ ಅಲ್ಲೇ ಬ್ರೆಡ್ಡು ಕೊಯ್ಯುತ್ತಿದ್ದಳು. ಅವಳೂ ನಕ್ಕಳು. ಮತ್ತೆ ನೆಲಮಾಳಿಗೆಗೆ ಇಳಿಯಲಿಲ್ಲ.

ಅವಳು ಹೋದ ಮೇಲೆ ಆ ಮೂಲೆಯ ಪೀಪಾಯಿ ಅವನಿಗೆ ಪೀಪಾಯಿಯಾಗಿ ಉಳಿಯಲಿಲ್ಲ. ಅವಳು ಕೈಯಾರೆ ತೊಳೆದು ತುಂಬಿದ ಕೊನೆಯದು ಅದು. ಮಾರಲು ಮನಸ್ಸಾಗಲಿಲ್ಲ. ಶನಿವಾರಗಳಲ್ಲಿ ಉಳಿದವಕ್ಕೆ ತುಂಬಿಸಲು ಅದರಿಂದಲೇ ತೆಗೆಯತೊಡಗಿದ, ಎಲ್ಲದರಲ್ಲೂ ಅವಳು ಒಂದಿಷ್ಟು ಇರಲಿ ಎಂದು. ಅದು ಮುಗಿದುಹೋಗಬಾರದೆಂದು ಪ್ರತಿ ವರ್ಷ ಹೊಸ ವೈನ್ ಸುರಿದು ಅದನ್ನೂ ತುಂಬಿಸುತ್ತಿದ್ದ. ಮೊಸರಿಗೆ ಹೆಪ್ಪು ಎತ್ತಿಡುವುದಿಲ್ಲವೇ, ಹಾಗೆ. ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ಸಂತೋಷಪಟ್ಟಿದ್ದ.

ಜೋಸೆತ್ ತನ್ನ ತೋಟದಲ್ಲಿ ಬಳ್ಳಿ ಸವರುತ್ತಿದ್ದಳು. ಅರ್ಧ ಕೊಯ್ದ ಡ್ರಮ್ಮಿಗೆ ಚಕ್ರ ಹಾಕಿ ಮಾಡಿದ ಗಾಡಿಯಲ್ಲಿ ಕಡ್ಡಿಗಳು ಉರಿಯುತ್ತಿದ್ದವು, ಅವಳು ಸಾಲಿನಲ್ಲಿ ಮುಂದೆ ಹೋದ ಹಾಗೆ ಅದನ್ನೂ ತಳ್ಳಿಕೊಂಡು ಹೋಗುತ್ತಿದ್ದಳು. ಮನೆಯ ಕಡೆಯಿಂದ ಮೊಮ್ಮಕ್ಕಳ ಗಲಾಟೆ. ಫಿರ್ಮಿನ್ ಬೆಂಕಿಯ ಆಚೆ ನಿಂತ. ಬರುವಾಗ ದಾರಿಯಲ್ಲಿ ಸುತ್ತು ಬಳಸಿ ಹೇಳಬೇಕೆಂದು ಜೋಡಿಸಿಕೊಂಡ ಮಾತುಗಳೆಲ್ಲ ಹೋಗಿ, “ಏಳನೇದು ನಂದು” ಎಂದ.

ಜೋಸೆತ್ ಕತ್ತರಿ ನಿಲ್ಲಿಸಲಿಲ್ಲ. “ನಂಬರಿಗೆ ಹೆಸರು ಹೇಳೋ ಹಾಗಿಲ್ಲ ಅಂತ ನೀನೇ ಅಲ್ವಾ ಎಲ್ಲರಿಗೂ ಪಾಠ ಮಾಡೋದು.”

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಪುಜೊಲ್‌ಗೂ?”

“ಮತ್ತೆ, ಅವನು ಕೆಮ್ಮಿದ್ದು ನೆಗಡಿಗೆ ಅಂದ್ಕೊಂಡ್ಯಾ?” ಕೊಯ್ದ ಕಡ್ಡಿಯನ್ನು ಬೆಂಕಿಗೆ ಎಸೆದಳು. “ಇವತ್ತಿಂದಲ್ಲ ಕಣೋ. ಮಿರೇಯ್ ತೀರ್ಕೊಂಡ ವರ್ಷವೇ ಆ ವಾಸನೆ ಸಣ್ಣಗೆ ಇತ್ತು. ಪಾಪ, ಕೈ ತಪ್ಪಿದೆ, ಈ ಸಲಕ್ಕೆ ಇರಲಿ ಅಂತ ಬಿಟ್ವಿ. ಮುಂದಿನ ವರ್ಷ ಜಾಸ್ತಿ ಆಯ್ತು. ಒಂದು ಸಲ ಬಿಟ್ಟ ಮೇಲೆ ಎರಡನೇ ಸಲ ಯಾವ ಬಾಯಲ್ಲಿ ನಿಲ್ಸೋದು? ನೀನಂತೂ ಆವಾಗ ಮೇಜಲ್ಲಿ ಇರ್ತಿರ್ಲಿಲ್ಲ.”

“ಹೇಳಬಹುದಿತ್ತು ನಂಗೆ.”

“ನಿಂಗೆ?” ಈಗ ಕತ್ತರಿ ನಿಂತಿತು. “ದ್ರಾಕ್ಷಿ ಕೊಯ್ಲು ಮುಗಿದ ಊಟಕ್ಕೆ ಕರೆದ್ರೆ ಬಾಗಿಲಲ್ಲೇ ನಿಂತು, ಏನ್ ಜೋಸೆತ್, ಪಿಕ್ನಿಕ್ ವೈನ್ ಸುರೀತಾ ಇದ್ದೀಯಾ ಅಂದು ಹಾಗೇ ಹೊರಟು ಹೋದೆ. ಒಂದು ಗುಟುಕು ಕುಡೀಲಿಲ್ಲ. ಅಂಥೋನ ಹತ್ರ ಹೋಗಿ, ಸ್ವಾಮಿ ನಿಮ್ಮ ವೈನ್ ನಾರ್ತಾ ಇದೆ ಅಂತ ಯಾರು ಹೇಳ್ತಾರೆ ಹೇಳು. ನಾನಂತೂ ಹೇಳ್ಳಿಲ್ಲ. ಹೆದರಿಕೆಯಿಂದಾನೋ, ಕನಿಕರದಿಂದಾನೋ, ನಂಗೇ ಗೊತ್ತಿಲ್ಲ.”

ಕನಿಕರ ಎಂಬ ಮಾತು ಅವನಿಗೆ ಒಗರು ವೈನಿನ ಹಾಗೆ ಒಸಡಿಗೆ ಹಿಡಿದುಕೊಂಡಿತು. ಮೂರು ವರ್ಷ ತನ್ನ ಬಾಟಲಿಗಳ ಮೇಲೆ ಊರ ಹೆಸರು ಕೂತಿದ್ದು ಅದರಿಂದ. ನಮ್ಮ ವೈನ್ ಯಾರ ಕನಿಕರವನ್ನೂ ಕೇಳುವಂಥದ್ದಲ್ಲ ಎಂದು ಅವನು ಎಷ್ಟು ಸಲ ಹೇಳಿಲ್ಲ! ಅದು ನಗಿಸುವುದಕ್ಕೆ ಹುಟ್ಟಿದ್ದಲ್ಲ. ಎಳೆಯದರಲ್ಲಿ ಮುಖ ಕೊಡುವುದಿಲ್ಲ, ನಾಲ್ಕೈದು ವರ್ಷ ಅದರ ಪಾಡಿಗೆ ಬಿಟ್ಟರೆ ತಾನಾಗಿ ಮಾತಿಗೆ ಬರುತ್ತದೆ. ತಾನೂ ಹಾಗೇ ಎಂದುಕೊಂಡಿದ್ದ. ತನ್ನ ಪಾಡಿಗೆ ತನ್ನನ್ನು ಬಿಟ್ಟರು, ಮಾತಿಗೆ ಬರಲಿಲ್ಲ, ಕೆಟ್ಟುಹೋದ. ಜೇಬಿನಿಂದ ಫೋನ್ ತೆಗೆದು ಅಲ್ಲೇ, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ನಂಬರು ಒತ್ತಿದ. ಇಲ್ಲಿಂದ ಹೊರಟರೆ ಮನಸ್ಸು ಬದಲಾಗುತ್ತದೆಂದು ಅವನಿಗೆ ಗೊತ್ತಿತ್ತು. ಜೋಸೆತ್ ತಡೆಯಲಿಲ್ಲ.

“ಮದಾಮ್ ಬ್ರು, ಬೆಳಗಿನ ಏಳನೇ ಗ್ಲಾಸು ಏನಾಯ್ತು?”

“ಅದನ್ನ ಈಗ್ಲೇ ಹೇಳೋ ಹಾಗಿಲ್ಲ, ಡೆಲ್ಪೆಶ್ ಅವರೇ. ನಿಮಗೆ ಗೊತ್ತಿಲ್ದೇ ಇರೋದಾ?”

“ಅದು ನಂದು.”

ಆ ಕಡೆ ಡ್ರಾಯರ್ ಎಳೆದ ಸದ್ದು, ಕಾಗದ ತಿರುವಿದ ಸದ್ದು. “ಅಯ್ಯೋ ದೇವರೇ. ಎರಡು ದಿನದ ಸ್ಯಾಂಪಲ್ ಪೆಟ್ಟಿಗೆ ಅದಲುಬದಲಾಗಿದೆ. ಕ್ಷಮಿಸಿ, ನನ್ನದೇ ತಪ್ಪು. ಆದ್ರೆ ಗಾಬರಿಯಾಗ್ಬೇಡಿ, ಪಾಸಾಗಿದೆ. ನಾಲ್ಕು ಜನ ಸರಿ ಅಂದಿದ್ದಾರೆ. ಯಾರೋ ಒಬ್ಬರು ಮಾತ್ರ ಬೇಡ ಅಂದಿದ್ದಾರೆ.”

“ಆ ಒಬ್ಬ ನಾನೇ.”

ಜೋಸೆತ್ ನಕ್ಕುಬಿಟ್ಟಳು. ತಕ್ಷಣ ಕೈಗವಸಿನ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ವಾಪಸ್ ತೆಗೀರಿ ಮದಾಮ್.”

“ತೆಗೆದ್ರೆ ಈ ವರ್ಷ ಕಾಓರ್ ಅಂತ ಬರೆಯೋ ಹಾಗಿಲ್ಲ. ಬರೀ ಕೆಂಪು ವೈನ್ ಅಂತ ಹೋಗ್ಬೇಕು. ನಿಮ್ಮ ತಂದೆಯವರ ಕಾಲದಿಂದ ಒಂದು ಸಲವೂ ಹಾಗೆ...”

“ಗೊತ್ತು ಮದಾಮ್. ತೆಗೀರಿ.”

ಜೋಸೆತ್ ತಾನಾಗಿಯೇ ಬಂದಳು. ಬೆಂಕಿಯ ಗಾಡಿಯನ್ನು ಸಾಲಿನ ಕೊನೆಗೆ ತಳ್ಳಿ ನಿಲ್ಲಿಸಿ, ಕೈಗವಸು ಕಳಚಿ, ಅವನ ಕಾರಿನಲ್ಲಿ ಕೂತಳು. ಮಿರೇಯ್ ತೀರಿಕೊಂಡಾಗ ಊರವರೆಲ್ಲ ಬಂದಿದ್ದರು, ಆಮೇಲೆ ನೆಲಮಾಳಿಗೆಯ ಮೆಟ್ಟಿಲು ಇಳಿದ ಹೊರಗಿನವರು ಎಂದರೆ ಸ್ಯಾಂಪಲ್ ತೆಗೆಯುವವನೊಬ್ಬ. ಜೋಸೆತ್ ಮೂರನೆಯ ಮೆಟ್ಟಿಲಲ್ಲೇ ನಿಂತಳು. ಕೊರಳಿನ ಶಾಲನ್ನು ಮೂಗಿನ ಮೇಲೆ ಎಳೆದುಕೊಂಡಳು, ಅಷ್ಟೇ. ಆ ಸಣ್ಣ ಕೆಲಸವನ್ನು ಫಿರ್ಮಿನ್ ನೋಡಿದ. ಯಾವ ಗ್ಲಾಸೂ ಬೇಕಾಗಲಿಲ್ಲ ಅವಳಿಗೆ. ನೇರ ಮೂಲೆಗೆ ನಡೆದು, ಪೀಪಾಯಿಯ ಮೇಲೆ ಕೈ ಇಟ್ಟು, “ಇದೇ” ಎಂದಳು. ಅವನು ಹೆಪ್ಪಿನ ಕತೆಯನ್ನು ಹೇಳಿದ, ಶನಿವಾರಗಳದ್ದು, ಎಲ್ಲದರಲ್ಲೂ ಮಿರೇಯ್ ಒಂದಿಷ್ಟು ಇರಲಿ ಎಂದುಕೊಂಡದ್ದು. ಹೇಳುತ್ತ ಹೇಳುತ್ತ ಧ್ವನಿ ಸಣ್ಣದಾಯಿತು. ಮಿರೇಯ್ ಚೆಲ್ಲು ಎಂದದ್ದನ್ನು ಮಾತ್ರ ಹೇಳಲಿಲ್ಲ.

“ನಿಂಗೆ ನಿಜವಾಗ್ಲೂ ಏನೂ ಅನ್ಸಲ್ವಾ ಇಲ್ಲಿ?” ಎಂದಳು ಜೋಸೆತ್ ಶಾಲಿನೊಳಗಿನಿಂದ.

“ನಂಗೆ ಇದು ಮನೆ ವಾಸನೆ.”

ಅವನು ಮಂಡಿಯೂರಿ ಕೂತು ಪೀಪಾಯಿಯ ಕೆಳಗಿನ ಬಿರಡೆಗೆ ಸುತ್ತಿಗೆಯಿಂದ ಹೊಡೆದ. ಬರಲಿಲ್ಲ. ಎರಡನೆಯ ಪೆಟ್ಟಿಗೆ ಕಿತ್ತುಕೊಂಡು ಬಂತು. ವೈನ್ ನೆಲದ ಕಾಲುವೆಗೆ ಬಿದ್ದು, ಗೋಡೆಯ ಕೆಳಗಿನ ತೂತಿನ ಕಡೆ ಅವಸರವಿಲ್ಲದೆ ಹರಿಯಿತು. ಬೆಳಕಿನಲ್ಲಿ ಕಪ್ಪಗಿತ್ತು, ಬಹಳ ಚೆನ್ನಾಗಿ ಕಾಣುತ್ತಿತ್ತು. ಅವನ ಪ್ಯಾಂಟಿನ ಮಂಡಿ ನೆನೆಯಿತು. ಬಹಳ ಹೊತ್ತು ಬೇಕಾಯಿತು ಮುಗಿಯಲು, ಅಷ್ಟು ಹೊತ್ತೂ ಜೋಸೆತ್ ಹೋಗಲಿಲ್ಲ, ದೀಪ ಹಿಡಿದುಕೊಂಡು ನಿಂತಿದ್ದಳು. ಅವಳು ನಿಂತದ್ದು ತಾನು ನಿಲ್ಲುತ್ತಿದ್ದ ಜಾಗದಲ್ಲಿ ಎಂದು ಅವನಿಗೆ ಆಮೇಲೆ ಹೊಳೆಯಿತು. ಕೊನೆಗೆ ಹನಿ ಹನಿಯಾಯಿತು. ಅವನು ಬೆರಳ ಗೆಣ್ಣಿನಿಂದ ಪೀಪಾಯಿಯನ್ನು ತಟ್ಟಿ ನೋಡಿದ.

“ಉಳಿದವು?” ಎಂದು ಕೇಳಿದ.

“ಒಂದೆರಡು ಬದುಕಬಹುದು. ಶನಿವಾರ ಬರ್ತೀನಿ, ಒಂದೊಂದಾಗಿ ನೋಡೋಣ. ತುಂಬಿಸೋಕೆ ನಂದೇ ತರ್ತೀನಿ, ಪಿಕ್ನಿಕ್ ವೈನು. ನಿನ್ನ ಪೀಪಾಯಿಗಳಿಗೆ ಮರ್ಯಾದೆ ಹೋದ್ರೆ ನಾನು ಜವಾಬ್ದಾರಳಲ್ಲ.” ಖಾಲಿ ಪೀಪಾಯಿಯ ಕಡೆ ದೀಪ ತಿರುಗಿಸಿ, “ಈ ಪೀಪಾಯೀನ ಸುಟ್ಟುಬಿಡು ಫಿರ್ಮಿನ್. ಮರದಲ್ಲಿ ಇಳಿದಿರುತ್ತೆ. ತೊಳೆದ್ರೆ ಹೋಗಲ್ಲ” ಎಂದಳು.

ಕಾರಿನಲ್ಲಿ ಬಿಟ್ಟು ಬರುತ್ತೇನೆಂದರೆ ಬೇಡವೆಂದಳು, ಗಾಳಿ ಬೇಕು ಎಂದಳು. ಅವನು ಗೇಟಿನ ತನಕ ಹೋದ. ಅವಳು ರಸ್ತೆ ಇಳಿದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಆಮೇಲೂ ನಿಂತ. ಮೇಲಿನ ಬಯಲಿನಿಂದ ಗಾಳಿ ಬೀಸುತ್ತಿತ್ತು, ಕೆಳಗಿನ ತೋಟಗಳಲ್ಲಿ ಬಳ್ಳಿಯ ಕಡ್ಡಿ ಸುಡುವ ಹೊಗೆ ಅಲ್ಲಲ್ಲಿ ನೆಟ್ಟಗೆ ಏಳಲು ಹೋಗಿ ಬಾಗುತ್ತಿತ್ತು. ಚಳಿಗೆ ಮೂಗಿನಲ್ಲಿ ನೀರು ಬಂತು. ಒರೆಸಿಕೊಂಡು, ಆಳವಾಗಿ ಉಸಿರೆಳೆದು, ಒಳಗೆ ಹೋದ. ಅಡುಗೆಮನೆಯಲ್ಲಿ ಮಧ್ಯಾಹ್ನದ ಬಟ್ಟಲು ಹಾಗೇ ಇತ್ತು, ಮೇಲೆ ಕೊಬ್ಬು ಕೆನೆಗಟ್ಟಿತ್ತು. ಅದನ್ನು ತೊಳೆಯುವ ಕಡೆ ಇಟ್ಟ. ನೆಲಮಾಳಿಗೆಯ ದೀಪ ಆರಿಸಲು ಮರೆತದ್ದು ನೆನಪಾಗಿ ಬಾಗಿಲು ತೆಗೆದ, ದೀಪ ಆರಿಸಿದ, ಬಾಗಿಲು ಮುಚ್ಚುವ ಮೊದಲು, ದಿನವೂ ಮಾಡುವ ಹಾಗೆ, ನೀಲಿ ಜಾಕೆಟ್ಟಿನಲ್ಲಿ ಮುಖ ಇಟ್ಟ.

ಮುಚ್ಚಿಟ್ಟ ಪೆಟ್ಟಿಗೆ, ಒಣಗದ ಕಂಬಳಿ. ತೋಳಿನಲ್ಲಿ ಹುಡುಕಿದ, ಕಾಲರಿನ ಒಳಮಡಿಕೆಯಲ್ಲಿ, ಅವಳು ಕರವಸ್ತ್ರ ಇಟ್ಟುಕೊಳ್ಳುತ್ತಿದ್ದ ಜೇಬಿನಲ್ಲಿ ಹುಡುಕಿದ. ಎಲ್ಲ ಕಡೆ ಏಳನೆಯ ಗ್ಲಾಸು. ಮಧ್ಯಾಹ್ನ ಇದ್ದಾಳೆ ಎಂದುಕೊಂಡು ಅವನು ಉಸಿರೆಳೆದದ್ದು ಇದನ್ನೇ, ನಿನ್ನೆಯೂ ಇದನ್ನೇ, ಹೋದ ವರ್ಷವೂ ಇದನ್ನೇ ಇರಬಹುದು. ಅವಳು ಇದರಿಂದ ಯಾವಾಗ ಹೋದಳೋ, ಅವನಿಗೆ ತಿಳಿಯದೇ ಹೋಗಿತ್ತು.

“ನಿನ್ನ ಮೂಗು ಸರಿಯಾಗಿತ್ತು ಕಣೇ” ಎಂದ ಉಣ್ಣೆಯೊಳಕ್ಕೆ. ಮಾತು ಅಲ್ಲೇ ಬಿಸಿಯಾಗಿ ತುಟಿಗೆ ತಾಗಿತು. ಉಸಿರಿನ ಬಿಸಿಗೆ ಆ ವಾಸನೆ ಇನ್ನಷ್ಟು ಎದ್ದಿತು. ಮುಖವನ್ನು ಮಾತ್ರ ಅವನು ತೆಗೆಯಲಿಲ್ಲ.